ನಮ್ಮ ಮಾಳಿಗೆಯ ಬಿಸಿಲು ಕದ್ದವರು

ವಿಜಯಪುರದ ಬಿಸಿಲನ್ನೂ ಯಾರಾದರೂ ಕದಿಯಬಹುದು ಎಂಬುದು ಈ ಬೇಸಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮೂರಲ್ಲಿ ಬೇರೆ ಏನಕ್ಕಾದರೂ ಕೊರತೆ ಇರಬಹುದು, ಬಿಸಿಲಿಗಂತೂ ಇಲ್ಲ. ಬೇಕಾದವರು ಚೀಲ ತುಂಬಿಕೊಂಡು ಹೋಗಲಿ ಅನ್ನುವಷ್ಟು ಬೀಳುತ್ತದೆ. ಹೀಗಿರುವಾಗ ವಿದ್ಯುತ್ ಕಂಪನಿಯವರು ಜಲನಗರದ ನಮ್ಮ ಓಣಿಗೆ ಬಂದು, ಕಲ್ಲಿದ್ದಲು ಸುಟ್ಟು ಸುಟ್ಟು ಗಾಳಿ ಕೆಟ್ಟಿದೆ, ನಾವಿನ್ನು ಪರಿಸರ ಕಾಯಲು ನಿರ್ಧರಿಸಿದ್ದೇವೆ, ತಾವು ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿ ಕೈಜೋಡಿಸಬೇಕು ಎಂದರು. ಇಡೀ ಓಣಿಯಲ್ಲಿ ಮೊದಲು ಕೈ ಎತ್ತಿದವನು ನಾನು. ನನ್ನ ಕೈಗೆ ಆ ಚಟ ಮೊದಲಿನಿಂದಲೂ ಇದೆ.

ಮನೆಯಲ್ಲಿ ಮಾತ್ರ ಕಸ್ತೂರಿ, ಅಂದರೆ ನನ್ನ ಹೆಂಡತಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಮಾಳಿಗಿ ತುಂಬ ಅವನ್ನ ಹಾಸಿದ್ರ ನಾ ಸಂಡಿಗಿ ಎಲ್ಲಿ ಹಾಕ್ಲಿ? ಟಿಕೋಟಾದಾಗ ನಮ್ಮಕ್ಕನ ಮಗಳ ಮದಿವಿ ಐತಿ. ಸಂಡಿಗಿ, ಹಪ್ಪಳ ಎಲ್ಲಾ ನಂದ ಅಂತ ಮಾತು ಕೊಟ್ಟೇನಿ."

"ಅಲ್ಲಿ ಭೂಮಿ ಸುಡಾಕತ್ತೈತಿ, ನೀ ಇಲ್ಲಿ ಸಂಡಿಗಿ ಅಂತಿ," ಎಂದೆ.

ಅವಳು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. "ಆತು ಬಿಡ್ರಿ, ಹಾಕಸ್ರಿ," ಎಂದು ಒಳಗೆ ಹೋದಳು.

ಹೆಂಡತಿ ಇಷ್ಟು ಬೇಗ ಒಪ್ಪಿಕೊಂಡಾಗ ಬುದ್ಧಿ ಇದ್ದ ಗಂಡ ಎಚ್ಚರಗೊಳ್ಳುತ್ತಾನೆ. ನಾನು ಗೆದ್ದೆ ಎಂದುಕೊಂಡೆ.

ಪ್ಯಾನೆಲ್ ಕೂಡಿಸುವ ಕಬ್ಬಿಣದ ಚೌಕಟ್ಟನ್ನು ನಮ್ಮ ಪಕ್ಕದ ಮನೆಯ ಹಣಮಂತನೇ ಮಾಡಿಕೊಟ್ಟ. ಇಬ್ರಾಹಿಂಪುರದಲ್ಲಿ ಅವನದು ವೆಲ್ಡಿಂಗ್ ಅಂಗಡಿ. ಅಳತೆ ಹಿಡಿಯುವಾಗ ಕಸ್ತೂರಿ ಮೇಲೆ ಬಂದು, "ಅಷ್ಟ ಎತ್ತರ ಬ್ಯಾಡ ಹಣಮಂತಣ್ಣ, ಕೈಗೆ ನಿಲುಕುವಂಗ ಇರ್ಲಿ. ದಿನಾ ಒರಸಬೇಕಲ್ಲ," ಎಂದಳು. ಪರಿಸರದ ವಿಷಯದಲ್ಲಿ ಇವಳ ಕಣ್ಣು ತೆರೆಯಿತು ಎಂದು ನನ್ನ ಎದೆ ತುಂಬಿ ಬಂತು.

ಮೊದಲ ಕೆಲವು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ನಾನು ಬಬಲೇಶ್ವರದ ಒಂದು ಕಚೇರಿಯಲ್ಲಿ ಗುಮಾಸ್ತ. ಮುಂಜಾನೆ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ನಮ್ಮ ಪ್ಯಾನೆಲ್ಲು ಎಷ್ಟು ಕರೆಂಟು ತಯಾರಿಸಿತು ಎಂಬುದು ಆಗಿಂದಾಗ ಮೊಬೈಲಿನಲ್ಲಿ ಏರಿಳಿಯುವ ಗೆರೆಯಾಗಿ ಬರುತ್ತಿತ್ತು. ಅದನ್ನು ಕಂಡಕ್ಟರನಿಗೆ ತೋರಿಸಿದೆ. ಪಕ್ಕದಲ್ಲಿ ಕೂತು ನಿದ್ದೆ ಮಾಡುತ್ತಿದ್ದವರನ್ನು ಎಬ್ಬಿಸಿ ತೋರಿಸಿದೆ. ಮಮದಾಪುರದ ಕಡೆಗೆ ಹೊರಟಿದ್ದ ಒಬ್ಬ ಅಜ್ಜ ಕೊನೆಯವರೆಗೂ ನೋಡಿ, "ಚಲೋ ಆತು ತಮ್ಮಾ, ಹುಷಾರಾಗತಿ," ಎಂದ. ನನ್ನ ಎದೆಬಡಿತದ ನಕ್ಷೆ ಎಂದು ತಿಳಿದಿದ್ದ.

ನಿಜವಾದ ಬೇಸಿಗೆ ಕಾಲಿಟ್ಟಿತು. ಹಂಚಿನ ಮೇಲೆ ನಿಂತಂತಾಗುವ ಬಿಸಿಲು. ಕರೆಂಟು ಉಕ್ಕಿ ಹರಿಯಬೇಕಾದ ಅಂಥ ಹೊತ್ತಿನಲ್ಲಿ ನಮ್ಮ ಪ್ಯಾನೆಲ್ಲುಗಳು ಕಣ್ಣು ಮುಚ್ಚಿದವು. ಮೊಬೈಲಿನ ಗೆರೆ ಮುಂಜಾನೆ ತಲೆ ಎತ್ತುತ್ತಿತ್ತು, ನಾನು ಬಸ್ಸು ಹತ್ತುವಷ್ಟರಲ್ಲಿ ಅಡ್ಡ ಮಲಗುತ್ತಿತ್ತು.

ನನಗೆ ಸಿಟ್ಟು ಬಂತು. ಆದರೆ ನಾನು ವಿಚಾರವಂತ. ಮೊದಲು ಪರೀಕ್ಷೆ, ಆಮೇಲೆ ಸಿಟ್ಟು. ರವಿವಾರ ನಸುಕಿನಲ್ಲಿ ಬಕೀಟು ಹಿಡಿದು ಮೇಲೆ ಹೋದೆ. ಗಾಜಿನ ಮೇಲೆ ಅಲ್ಲಲ್ಲಿ ಬೆಳ್ಳನೆಯ ಕಲೆಗಳು, ಉಗುರಿನಿಂದ ಕೆರೆದರೂ ಹೋಗದಷ್ಟು ಗಟ್ಟಿ.

"ಪಾರಿವಾಳ ಹೊಲಸು ಮಾಡ್ಯಾವು," ಎಂದೆ.

"ಹೌದ್ರಿ, ಈ ವರ್ಷ ಭಾಳ ಆಗ್ಯಾವು," ಎಂದಳು ಕಸ್ತೂರಿ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ತಿಕ್ಕಿ ತೊಳೆದೆ. ಆ ದಿನ ಕರೆಂಟು ಭರಪೂರ ಬಂತು. ಸೋಮವಾರ ಮತ್ತೆ ಮಲಗಿತು. ಮುಂದಿನ ರವಿವಾರ ಎದ್ದಿತು, ಸೋಮವಾರ ಮಲಗಿತು. ಆಗ ನನ್ನ ತಲೆಯಲ್ಲಿ ಬೆಳಕು ಹೊತ್ತಿತು. ರವಿವಾರ ಏನು ವಿಶೇಷ? ಅಂದು ವಿದ್ಯುತ್ ಕಂಪನಿಯ ಕಚೇರಿಗೆ ರಜೆ! ಅವರು ಕೆಲಸಕ್ಕೆ ಬಂದ ದಿನ ನಮ್ಮ ಕರೆಂಟು ಮಾಯ, ಅವರು ಮನೆಯಲ್ಲಿದ್ದ ದಿನ ಹಾಜರು. ಇದಕ್ಕಿಂತ ದೊಡ್ಡ ಪುರಾವೆ ಯಾವ ನ್ಯಾಯಾಲಯಕ್ಕೆ ಬೇಕು?

ಸಂಜೆ ಓಣಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಇದನ್ನು ವಿವರಿಸಿದೆ. ಪರಿಸರದ ಹೆಸರಿನಲ್ಲಿ ನಡೆಯುತ್ತಿರುವ ಹಗಲುದರೋಡೆ ಎಂದೆ. ಹಣಮಂತ ಮಾತ್ರ ತಲೆ ಕೆರೆದುಕೊಂಡ.

"ಭೀಮಣ್ಣಾರ, ತಪ್ಪು ನಮ್ಮ ಮನ್ಯಾಗ ಇದ್ರ?"

ನಾನು ಎದ್ದು ನಿಂತೆ. "ತಪ್ಪು ನಮ್ಮನಿದು ಅಂತ ಆದ್ರ ಈ ಮೀಸಿ ಬೋಳಸ್ತೇನಿ."

ನಮ್ಮ ಮಂದಿಯಲ್ಲಿ ಗಂಡಸು ಮೀಸೆ ತೆಗೆಯುವುದು ಮನೆಯಲ್ಲಿ ಹಿರಿಯರು ತೀರಿಕೊಂಡಾಗ. ಬೋಳು ಮುಖ ಹೊತ್ತು ಟಿಕೋಟಾದ ಮದುವೆಗೆ ಹೋದರೆ ಬೀಗರೆಲ್ಲ ಅಕ್ಷತೆ ಬದಿಗಿಟ್ಟು ನನ್ನನ್ನು ಸಮಾಧಾನ ಮಾಡಲು ಬರುತ್ತಾರೆ. ಅಷ್ಟು ದೊಡ್ಡ ಮಾತನ್ನು ಆಡಿಬಿಟ್ಟಿದ್ದೆ. ಒಳಗೆ ಹೋಗಿ ಅದೇ ಸಿಟ್ಟಿನಲ್ಲಿ ಊಟಕ್ಕೆ ಕೂತೆ. ತಾಟಿನಲ್ಲಿ ಕರಿದ ಸಂಡಿಗೆ ಇತ್ತು. ಹೂವಿನಂತೆ ಹಗುರ. "ಈ ವರ್ಷದ್ದು ಭಾಳ ಚಲೋ ಒಣಗ್ಯಾವ," ಎಂದು ಇನ್ನೊಂದು ಹಿಡಿ ಹಾಕಿಸಿಕೊಂಡೆ. ಎಲ್ಲಿ ಒಣಗಿದವು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನನ್ನ ಬುದ್ಧಿಯೆಲ್ಲ ಕಂಪನಿಯ ಬೆನ್ನು ಹತ್ತಿತ್ತು.

ಮರುದಿನ ಅರ್ಧ ದಿನ ರಜೆ ಹಾಕಿ ಕಂಪನಿಯ ಕಚೇರಿಗೆ ನುಗ್ಗಿದೆ. ಅಲ್ಲಿನ ಇಂಜಿನಿಯರ್ ಒಬ್ಬ ಹೆಣ್ಣುಮಗಳು, ಶಾಂತ ಸ್ವಭಾವದವರು.

"ಏನ್ ಸರ್ ನಿಮ್ಮ ತಕರಾರು?"

"ನೀವು ನಮ್ಮ ಬಿಸಲು ಕದ್ದೀರಿ."

ಅವರು ಪೆನ್ನು ಕೆಳಗಿಟ್ಟರು. "ಪ್ಯಾನೆಲ್ ಮ್ಯಾಲ ಯಾವುದರ ನೆರಳು ಬೀಳತೈತೇನ್ರಿ?"

"ನೆರಳ? ನಮ್ಮ ಓಣ್ಯಾಗ ನೆರಳಿದ್ದಿದ್ರ ನಾ ಇಲ್ಲಿ ಬಂದು ನಿಮ್ಮ ಫ್ಯಾನಿನ ಕೆಳಗ ಯಾಕ ನಿಂದರತಿದ್ದೆ?"

ಆಮೇಲೆ ರವಿವಾರದ ರಹಸ್ಯವನ್ನು ಬಯಲು ಮಾಡಿದೆ. ಅಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಕೇಳಿದರು. ಹೆದರಿದರು ಎಂದೇ ತಿಳಿದೆ. ಇಂಜಿನಿಯರ್ ಮೇಡಂ, "ಬುಧವಾರ ಮಧ್ಯಾಹ್ನ ನಾನ ಬರ್ತೇನ್ರಿ, ನಿಂತು ನೋಡೋಣು," ಎಂದರು. ಕಳ್ಳರು ಎಚ್ಚರಗೊಳ್ಳಬಾರದೆಂದು ಈ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಬುಧವಾರ ಎಂದಿನಂತೆ ಡಬ್ಬಿ ಕಟ್ಟಿಸಿಕೊಂಡು ಮನೆ ಬಿಟ್ಟವನು ಬಬಲೇಶ್ವರದ ಬಸ್ಸು ಹತ್ತಲಿಲ್ಲ. ಮಧ್ಯಾಹ್ನ ಮೇಡಂ, ಹಣಮಂತ ಮತ್ತು ಕಟ್ಟೆಯ ಹಿರಿಯರನ್ನೆಲ್ಲ ಕರೆದುಕೊಂಡು ಬಂದೆ. ಬಾಗಿಲಲ್ಲಿ ನಮ್ಮ ಮೆರವಣಿಗೆ ನೋಡಿ ಕಸ್ತೂರಿಯ ಮುಖ ಮೊದಲ ಸಲ ಬಣ್ಣಗೆಟ್ಟಿತು.

"ಈ ಹೊತ್ತಿನ್ಯಾಗ ಮ್ಯಾಲ ಯಾಕ ಹೋಗತೀರಿ? ಮೊದಲ ಮಜ್ಜಿಗಿ ಕುಡೀರಿ, ಬರ್ರಿ."

"ಮಜ್ಜಿಗಿ ಆಮ್ಯಾಲ. ಮೊದಲ ನ್ಯಾಯ," ಎಂದು ಮೆಟ್ಟಿಲು ಹತ್ತಿದೆ.

ಮಾಳಿಗೆಯ ಮೇಲೆ ಪ್ಯಾನೆಲ್ಲುಗಳೇ ಕಾಣಲಿಲ್ಲ. ಒಂದರ ಮೇಲೆ ನನ್ನ ಲಗ್ನದ ಜರಿಧೋತರ, ನಾಲ್ಕೂ ಮೂಲೆ ಚೌಕಟ್ಟಿಗೆ ಬಿಗಿದು ಕಟ್ಟಿತ್ತು. ಅದರ ತುಂಬ ಅಕ್ಕಿ ಸಂಡಿಗೆ. ಮುಂದಿನದರ ಮೇಲೆ ಹಳೆಯ ಸೀರೆ, ಸಾಬುದಾಣಿ ಸಂಡಿಗೆ. ಆಚೆಯದರ ಮೇಲೆ ಯಾರದೋ ಲುಂಗಿ, ಹಪ್ಪಳ. ಚೌಕಟ್ಟಿನ ಕಂಬಿಗಳ ಮೇಲೆ ಶಾವಿಗೆ ಜೋತಾಡುತ್ತಿತ್ತು. ನಡುವೆ ಹಣಮಂತನ ಹೆಂಡತಿ ರೇಣುಕಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇದು ನನ್ನ ಲುಂಗಿ ಅಲ್ಲೇನ?" ಎಂದ ಹಣಮಂತ.

ಮೇಡಂ ಪ್ಯಾನೆಲ್ ಸುತ್ತ ಒಂದು ಸುತ್ತು ಹಾಕಿದರು. ಅಂಚಿನಲ್ಲಿ ಮೆತ್ತಿಕೊಂಡಿದ್ದ ಹಿಟ್ಟಿನ ಕಲೆಯನ್ನು ಬೆರಳಿಂದ ಮುಟ್ಟಿ ನೋಡಿದರು. ನಾನು ಪಾರಿವಾಳದ ತಲೆಗೆ ಕಟ್ಟಿದ್ದ ಕಲೆ.

"ನಿಮ್ಮ ಬಿಸಲು ಸಿಕ್ತ್ರಿ ಸರ್," ಎಂದರು. "ವರದಿಯೊಳಗ ಏನಂತ ಬರೀಲಿ?"

"ನೆರಳು ಅಂತ ಬರೀರಿ," ಎಂದೆ. ದನಿ ನನಗೇ ಕೇಳಿಸಲಿಲ್ಲ.

ಉಳಿದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಹೆಂಡತಿಯ ಕಡೆ ತಿರುಗಿದೆ. "ನನಗೊಂದು ಮಾತು ಹೇಳಾಕ ಏನಾಗಿತ್ತು?"

"ನೀವು ಕೇಳಿದ್ರೇನು? ಸಂಡಿಗಿ ಎಲ್ಲಿ ಹಾಕ್ಲಿ ಅಂತ ನಾನ ಕೇಳಿದ್ದೆ. ಭೂಮಿ ಸುಡಾಕತ್ತೈತಿ ಅಂದ್ರಿ," ಎಂದಳು. ಅವಳ ಸಿಟ್ಟು ನನ್ನದಕ್ಕಿಂತ ಹಳೆಯದು, ಚೆನ್ನಾಗಿ ಒಣಗಿದ್ದು. "ಇಲ್ಲಿ ಇರಿವಿ ಇಲ್ಲ, ಮಣ್ಣಿಲ್ಲ. ಗಾಜು ಕೆಳಗಿಂದನೂ ಕಾವು ಕೊಡತೈತಿ. ಮುಂಜಾನೆ ಹಾಕಿದ್ದು ಸಂಜಿಗೆ ಕಟಕಟ ಅಂತೈತಿ. ಮಾಳಿಗಿ ನಂದೂ ಹೌದಲ್ರಿ?"

ಮೇಡಂ ಒಂದು ಒಣ ಸಂಡಿಗೆ ಮುರಿದು ಬಾಯಿಗೆ ಹಾಕಿಕೊಂಡು, ವಾರದಲ್ಲಿ ಯಾವ ದಿನ ಸಂಡಿಗೆ, ಯಾವ ದಿನ ಕರೆಂಟು ಎಂದು ನೀವಿಬ್ಬರೂ ಕೂತು ಮಾತಾಡಿಕೊಳ್ಳಿರಿ ಎಂದು ಹೇಳಿ, ಕಸ್ತೂರಿ ಕಟ್ಟಿಕೊಟ್ಟ ಹಪ್ಪಳದ ಪೊಟ್ಟಣ ಹಿಡಿದು ಇಳಿದು ಹೋದರು. ಕಟ್ಟೆಯ ಹಿರಿಯರು ಮಾತ್ರ ಇಳಿಯಲಿಲ್ಲ. ಎಲ್ಲರ ಕಣ್ಣೂ ನನ್ನ ಮೂಗಿನ ಕೆಳಗಿತ್ತು.

"ಭೀಮಣ್ಣಾರ, ಕ್ಷೌರದಂಗಡಿ ತೆರದೈತ್ರಿ," ಎಂದ ಹಣಮಂತ.

ನಾನು ಮೀಸೆ ಮುಟ್ಟಿಕೊಂಡೆ. ಟಿಕೋಟಾದ ಬೀಗರೆಲ್ಲ ಸಾಲಾಗಿ ಕಣ್ಣ ಮುಂದೆ ಬಂದರು. ಕಸ್ತೂರಿ ಹಣಮಂತನನ್ನು ತಡೆದಳು.

"ಮೀಸಿ ಇರ್ಲಿ ಬಿಡಣ್ಣ. ಬೇಕಾಗೈತಿ."

ಎಷ್ಟೆಂದರೂ ಕೈಹಿಡಿದವಳು ಎಂದು ನನ್ನ ಕಣ್ಣು ಒದ್ದೆಯಾಯಿತು. ಅವಳು ಮೂಲೆಯಲ್ಲಿದ್ದ ಉದ್ದನೆಯ ಕೋಲು ತಂದು ನನ್ನ ಕೈಗೆ ಕೊಟ್ಟಳು.

"ಹೆಂಗೂ ರಜಾ ಹಾಕೀರಿ. ಇಲ್ಲೇ ಕುಂತು ಕಾಗಿ ಕಾಯ್ರಿ. ಮೀಸಿ ನೋಡ್ಯರ ಬೆದರತಾವು."

ಎಲ್ಲರೂ ಇಳಿದು ಹೋದರು. ಪರಿಸರ ಉಳಿಸಲು ಮೊದಲು ಕೈ ಎತ್ತಿದ್ದ ನಾನು ಅದೇ ಕೈಯಲ್ಲಿ ಕೋಲು ಎತ್ತಿಕೊಂಡು, ನನ್ನದೇ ಜರಿಧೋತರದ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ಚೌಕಟ್ಟಿನ ಮೇಲೆ ಕೂತಿತು. ನಾನು ಮೀಸೆ ತಿರುವಿದೆ. ಅದು ನನ್ನನ್ನು ನೋಡಿತು, ಒಂದು ಸಂಡಿಗೆ ಕಚ್ಚಿಕೊಂಡು ಪಕ್ಕಕ್ಕೆ ಸರಿದು, ಉಳಿದ ಕಾಗೆಗಳನ್ನು ಕರೆಯಿತು.