ನಲವತ್ತನೆಯ ಗಂಟೆ

ಅಳತೆಪ್ಪನಿಗೆ ಒಂದು ಗಂಟೆ ಕಡಿಮೆ ಬಿದ್ದಿತ್ತು.

ಎಂಜಿನಿಯರುಗಳ ತಲೆಗೆ ತುಕ್ಕು ಹಿಡಿಯಬಾರದೆಂದು ರಾಷ್ಟ್ರೀಯ ಎಂಜಿನಿಯರಿಂಗ್ ಮಂಡಳಿ ಒಂದು ನಿಯಮ ಮಾಡಿತ್ತು. ವರ್ಷಕ್ಕೆ ನಲವತ್ತು ಗಂಟೆ ಉಪನ್ಯಾಸ ಕೇಳಬೇಕು, ಇಲ್ಲವೇ ನೋಂದಣಿ ರದ್ದು, ಸೀಲು ಜಪ್ತಿ. ಅಳತೆಪ್ಪ ಕೇಳಿದ್ದು ಮೂವತ್ತೊಂಬತ್ತು. ಇವತ್ತು ಸಂಜೆ ಐದಕ್ಕೆ ಗಡುವು ಮುಗಿಯುತ್ತಿತ್ತು. ಅವನು ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದ ನೀರಿನ ಟ್ಯಾಂಕಿನ ನಕ್ಷೆಗೆ ನಾಳೆ ಬೆಳಿಗ್ಗೆ ಸೀಲು ಬೀಳಬೇಕಿತ್ತು. ಯಾರು ಸೀಲು ಹಾಕುತ್ತಾರೋ ಅವರ ಹೆಸರನ್ನೇ ಟ್ಯಾಂಕಿನ ಕಲ್ಲಿನಲ್ಲಿ ಕೊರೆಯುವುದು. ಆ ಕಲ್ಲೆಂದರೆ ಅಳತೆಪ್ಪನಿಗೆ ಪ್ರಾಣ.

ಕೊನೆಯ ಉಪನ್ಯಾಸ ನಾಲ್ಕಕ್ಕೆ, ಮಂಡಳಿಯ ಸಭಾಂಗಣದಲ್ಲಿ. ಅಳತೆಪ್ಪ ಮೂರಕ್ಕೇ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಅವನ ಆಫೀಸಿನಲ್ಲೇ ಎಂಜಿನಿಯರಾಗಿದ್ದ ಹೆಂಡತಿಯ ತಮ್ಮನೂ ಬಂದು ಪಕ್ಕದಲ್ಲಿ ಕೂತ. ಅವನಿಗೂ ಒಂದೇ ಗಂಟೆ ಬಾಕಿ. ಸೇರಿದ್ದ ಅರವತ್ತು ಮಂದಿಯ ಪಾಡೂ ಅದೇ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮಂಡಳಿಯ ಕ್ಲರ್ಕಮ್ಮ ಬಂದು, "ಭಾಷಣ ಮಾಡೋರಿಗೆ ಗಂಟಲು ಕಟ್ಟಿದೆಯಂತೆ, ಬರಲ್ಲ. ಎಲ್ಲರೂ ಮನೆಗೆ ಹೋಗಿ" ಅಂದಳು.

"ಅಯ್ಯೋ, ನಮ್ಮ ಗತಿ ಏನಮ್ಮಾ?"

"ನಿಮ್ಮಲ್ಲೇ ಯಾರಾದ್ರೂ ಮಾತಾಡಿ. ನಿಯಮದಲ್ಲಿ ಉಪನ್ಯಾಸ ಅಂತ ಮಾತ್ರ ಇದೆ, ಚೆನ್ನಾಗಿರಬೇಕು ಅಂತೇನಿಲ್ಲ."

ಭಾವಮೈದುನ ತಟ್ಟನೆ ಎದ್ದ. "ನಮ್ಮ ಭಾವ ಮಾತಾಡ್ತಾರೆ! ಅಕ್ಕ ನಿದ್ದೆ ಹೋದ್ಮೇಲೂ ಟ್ಯಾಂಕಿನ ವಿಷಯ ಹೇಳ್ತಾನೇ ಇರ್ತಾರೆ."

"ಲೋ, ಸುಮ್ನಿರೋ!" ಅನ್ನುವಷ್ಟರಲ್ಲಿ ಹತ್ತಾರು ಕೈಗಳು ಅಳತೆಪ್ಪನನ್ನು ವೇದಿಕೆಗೆ ತಳ್ಳಿಯಾಗಿತ್ತು.

ಮೊದಲ ಹತ್ತು ನಿಮಿಷ ಅವನು ಮೈಕು ಸರಿಮಾಡುತ್ತಾ ತಡವರಿಸಿದ. ಆಮೇಲೆ ಟ್ಯಾಂಕು ಬಂತು. ಅದನ್ನು ಕಟ್ಟಿದ, ತುಂಬಿಸಿದ, ಎಲ್ಲಿ ಸೋರೀತು ಎಂದು ತೋರಿಸಿದ. ಜನ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಭಾವಮೈದುನ ಗೊರಕೆ ಹೊಡೆಯುತ್ತಿದ್ದ. ಐದಕ್ಕೆ ಸರಿಯಾಗಿ ಭರ್ಜರಿ ಚಪ್ಪಾಳೆ ಬಿತ್ತು. ಹುಟ್ಟಿದಾಗಿನಿಂದ ತನಗಾಗಿ ಯಾರೂ ಕೈತಟ್ಟಿದ್ದನ್ನು ಕಾಣದ ಅಳತೆಪ್ಪ ಸಂತೋಷದಿಂದ ಮೂರು ಸಲ ಕೈಮುಗಿದ.

ಕ್ಲರ್ಕಮ್ಮ ಎಲ್ಲರಿಗೂ ಪ್ರಮಾಣಪತ್ರ ಹಂಚಿ, ಪೆನ್ನು ಮುಚ್ಚಿದಳು.

"ನಂದು?"

"ನಿಮಗಿಲ್ಲ. ನೀವು ಉಪನ್ಯಾಸ ಕೇಳಲಿಲ್ಲ, ಮಾಡಿದ್ರಿ."

"ನನ್ನ ಮಾತು ನನಗೂ ಕೇಳಿಸ್ತಲ್ಲಮ್ಮಾ!"

"ಅದರಿಂದ ಹೊಸದೇನಾದ್ರೂ ಕಲಿತ್ರಾ?"

ಅಳತೆಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಲ್ಲ" ಅಂದ. ಆಮೇಲೆ ಹೊಟ್ಟೆ ಉರಿದು, "ಇವನು ಗೊರಕೆ ಹೊಡೀತಿದ್ನಲ್ಲ, ಇವನಿಗೆ ಹೇಗೆ ಕೊಟ್ರಿ?" ಎಂದು ಕೂಗಾಡಿದ.

"ಅವರು ಕೇಳೋರ ಜಾಗದಲ್ಲಿ ಕೂತಿದ್ರು."

ಅಳತೆಪ್ಪ ಮೆಟ್ಟಿಲ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತುಕೊಂಡ. ಭಾವಮೈದುನ ಬಂದು ಬೆನ್ನು ಸವರಿದ.

"ಬೇಜಾರು ಮಾಡ್ಕೋಬೇಡಿ ಭಾವ. ನಾಳೆ ನಿಮ್ಮ ನಕ್ಷೆಗೆ ನಾನೇ ಸೀಲು ಹಾಕ್ತೀನಿ ಅಂತ ಸಾಹೇಬರಿಗೆ ಫೋನ್ ಮಾಡಿ ಹೇಳಿದೀನಿ. ಕಲ್ಲಿನ ಮೇಲೆ ನನ್ನ ಹೆಸರಿದ್ರೇನು, ಮನೆಯೋರದ್ದೇ ಅಲ್ವಾ?"

ಭಾವಮೈದುನ ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಭಾವ, ತಪ್ಪು ತಿಳ್ಕೋಬೇಡಿ, ಒಂದು ಕೇಳ್ಲಾ? ಆ ನಕ್ಷೇಲಿ ಮೇಲ್ಗಡೆ ಯಾವುದು?"