ಟೈಲರಣ್ಣನ ಬಾಯಿಗೆ ಕಾವಲು

ಟೈಲರಣ್ಣನಿಗೆ ಮೂವತ್ತು ವರ್ಷದಿಂದ ಎರಡು ಕತ್ತರಿ. ಒಂದು ಮೇಜಿನ ಮೇಲೆ, ಇನ್ನೊಂದು ಬಾಯಲ್ಲಿ. ದಾರ ಕಡಿಯುವುದು ಹಲ್ಲಿನಿಂದ, ಗುಂಡುಸೂಜಿ ಇಟ್ಟುಕೊಳ್ಳುವುದು ತುಟಿಗಳ ನಡುವೆ. ಗಿರಾಕಿ ಏನು ಕೇಳಿದರೂ "ಹ್ಞೂಂ" ಒಂದೇ ಉತ್ತರ. ಹಾಗಾಗಿ ಅಂಗಡಿಯಲ್ಲಿ ಜಗಳವೇ ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ ಇಸ್ತ್ರಿಪೆಟ್ಟಿಗೆ ಎತ್ತಲು ಹೋಗಿ ಮಣಿಕಟ್ಟು ಲಟಕ್ಕೆಂದಿತ್ತು.

"ಮೂಳೆಯೆಲ್ಲ ಟೊಳ್ಳು," ಎಂದರು ಮೂಳೆ ಡಾಕ್ಟರು. "ಇನ್ನೊಂದ್ಸಲ ಮುರಿದ್ರೆ ಹೊಲಿಗೆ ಮರೆತುಬಿಡಿ. ಇಂಜೆಕ್ಷನ್ ಕೊಡ್ತೀನಿ, ಆದ್ರೆ ಮೊದಲು ಹಲ್ಲಿನ ಡಾಕ್ಟರ ಹತ್ರ ಬಾಯಿ ಸರಿಯಿದೆ ಅಂತ ಚೀಟಿ ತನ್ನಿ. ಒಸಡಲ್ಲಿ ಗಾಯ ಇದ್ರೆ ಬಾಯಿಯ ಕ್ರಿಮಿ ದವಡೆ ಮೂಳೆಗೆ ಇಳಿಯುತ್ತೆ. ಈ ಔಷಧಿ ತಗೊಂಡ ಮೇಲೆ ಆ ಮೂಳೆ ಸುಲಭಕ್ಕೆ ಮಾಯೋದಿಲ್ಲ, ಕೊಳೆತರೂ ಕೊಳೀಬಹುದು."

ಹಲ್ಲಿನ ಡಾಕ್ಟರು ಒಸಡು ನೋಡಿ, "ಇದೇನ್ರೀ, ಜರಡಿನಾ?" ಎಂದು, ಬಾಯಿಗೆ ಸೂಜಿ-ದಾರ ಸೋಕಿಸದೆ ಗಾಯ ಮಾಯಿಸಿಕೊಳ್ಳಲು ಎರಡು ವಾರದ ಗಡುವು ಕೊಟ್ಟರು.

ಹೆಂಡತಿ ಪುಟ್ಟ ಕತ್ತರಿಯೊಂದನ್ನು ಅವನ ಕೊರಳಿಗೆ ಕಟ್ಟಿದಳು. ಸಾಲದೆಂದು ಎದುರಿನ ಇಸ್ತ್ರಿಯವನನ್ನೂ ಪಕ್ಕದ ಗಡಿಯಾರದವನನ್ನೂ ಕಾವಲಿಗೆ ನೇಮಿಸಿದಳು. ಟೈಲರಣ್ಣನ ಕೈ ಮೇಲೇಳುತ್ತಿದ್ದಂತೆ ರಸ್ತೆಯಾಚೆಯಿಂದ "ಬಾಯಿ!" ಎಂಬ ಕೂಗು ಬರುತ್ತಿತ್ತು.

ಗಡುವಿನ ಕೊನೆಯ ದಿನ ಬಂತು. ಸಂಜೆ ಐದಕ್ಕೆ ಪರೀಕ್ಷೆ, ಮರುದಿನವೇ ಇಂಜೆಕ್ಷನ್. ಸೂಜಿಗಳೆಲ್ಲ ಕಾಲರಿಗೆ ಸ್ಥಳಾಂತರವಾಗಿದ್ದರಿಂದ ಟೈಲರಣ್ಣ ಕತ್ತು ತಿರುಗಿಸಿದಾಗಲೆಲ್ಲ "ಅಯ್ಯೋ" ಎನ್ನುತ್ತಿದ್ದ. ಬಾಯಿ ಖಾಲಿಯಿದ್ದುದರಿಂದ ಮಾತೂ ಸ್ಪಷ್ಟವಾಗಿ ಹೊರಬಂತು.

"ಪ್ಯಾಂಟು ಸ್ವಲ್ಪ ಬಿಗಿಯಾಯ್ತಲ್ವಾ?" ಎಂದ ಹಳೆಯ ಗಿರಾಕಿ.

"ಪ್ಯಾಂಟು ಸರಿಯಾಗೇ ಇದೆ ಸ್ವಾಮಿ, ಹೊಟ್ಟೆ ಬೆಳೆದಿದೆ."

ಗಿರಾಕಿ ಅರ್ಧ ಹೊಲಿದ ಪ್ಯಾಂಟಿನಲ್ಲೇ ಎದ್ದು ನಡೆದ.

ಮಧ್ಯಾಹ್ನ ಗಡಿಯಾರದವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಂದು ಬಾಯಿ ತೆರೆಸಿದ. "ಕ್ರಿಮಿ ಒಂದೂ ಇಲ್ಲ ಕಣಣ್ಣ."

"ಕೋಟಿಗಟ್ಟಲೆ ಇರ್ತಾವಂತೆ. ಕಣ್ಣಿಗೆ ಕಾಣಲ್ಲ."

"ನನ್ನ ಕಣ್ಣಿಗೂ ಕಾಣಲ್ವಾ?" ಎಂದು ಅವನು ಮುಖ ಊದಿಸಿಕೊಂಡು ಹೋದ.

ಸಂಜೆ ಇಸ್ತ್ರಿಯವನು ಅಂಗಡಿ ಮುಚ್ಚಿ ಜೊತೆಗೇ ಹೊರಟ. "ದಾರೀಲಿ ಏನಾದ್ರೂ ಕಚ್ಚಿಬಿಟ್ರೆ?"

ಡಾಕ್ಟರು ಕನ್ನಡಿ ಹಿಡಿದು ಒಸಡನ್ನೆಲ್ಲ ಒತ್ತಿ ನೋಡಿದರು. "ಭೇಷ್! ಎಲ್ಲ ಮಾಯ್ದಿದೆ." ಚೀಟಿ ಬರೆದು ಕೈಗಿತ್ತರು. ಟೈಲರಣ್ಣನಿಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷದ ಕಸುಬು ಉಳಿಯಿತು.

ಎದ್ದು ನಿಂತಾಗ ಡಾಕ್ಟರ ಬಿಳಿ ಕೋಟಿನ ಎರಡನೇ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿರುವುದು ಕಂಡಿತು. ಎಷ್ಟೆಂದರೂ ಟೈಲರ್, ನೋಡಿ ಸುಮ್ಮನಿರುವುದು ಹೇಗೆ?

"ಒಂದೇ ನಿಮಿಷ, ಸಾರ್."

ಕಾಲರಿನಿಂದ ಸೂಜಿ, ಜೇಬಿನಿಂದ ದಾರ. ನಾಲ್ಕು ಸುತ್ತು ಹಾಕಿ ಗಂಟು ಬಿಗಿದ. ಕೊರಳಿನ ಕತ್ತರಿ ಕೊರಳಲ್ಲೇ ಇತ್ತು. ತಲೆ ತಾನಾಗಿ ಬಗ್ಗಿತು, ದಾರ ತಾನಾಗಿ ಹಲ್ಲಿಗೆ ಬಂತು, ಸೂಜಿ ತುಟಿಗೆ ಸೇರಿತು.

"ಬಾಯೀ!" ಎಂದು ಬಾಗಿಲಿಂದ ಅರಚಿದ ಇಸ್ತ್ರಿಯವನು.

ಟೈಲರಣ್ಣ ಬೆಚ್ಚಿಬಿದ್ದ. ಸೂಜಿ ಸೀದಾ ಒಸಡಿಗೆ ಇಳಿಯಿತು.

ಡಾಕ್ಟರು ಗಾಯಕ್ಕೆ ಹತ್ತಿ ಒತ್ತಿ, ಚೀಟಿಯನ್ನು ವಾಪಸ್ ತೆಗೆದುಕೊಂಡರು. "ಈ ಕೋಟಿನ ಮೇಲೆ ಬೆಳಗ್ಗೆಯಿಂದ ಹತ್ತೊಂಬತ್ತು ಜನರ ಬಾಯಿಯ ಎಂಜಲು ಸಿಡಿದಿದೆ. ಸೂಜಿ ಅದರೊಳಗಿಂದಲೇ ಬಂದಿದೆ. ಇಂಜೆಕ್ಷನ್ ಮುಂದಕ್ಕೆ ಹಾಕಿಸಿ, ಎರಡು ವಾರ ಬಿಟ್ಟು ಬನ್ನಿ."

"ಸದ್ಯ, ನಾನು ಜೊತೇಲಿದ್ದೆ," ಎಂದ ಇಸ್ತ್ರಿಯವನು. "ಇಲ್ದಿದ್ರೆ ಏನು ಗತಿಯಾಗ್ತಿತ್ತಣ್ಣ?"

ಟೈಲರಣ್ಣ ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ. "ಹ್ಞೂಂ," ಎಂದ.