ಹುಣಿಸೆಹಣ್ಣು ಮತ್ತು ಟೀವಿ ಗೇಮಿನ ಜೀರ್ಣೋದ್ಧಾರ

ನನಗೆ ಕೋಪ ಬರುವುದಿಲ್ಲ. ಈ ಮಾತನ್ನು ಯಾರಾದರೂ ಒಪ್ಪದೆ ಹೋದರೆ ಮಾತ್ರ ವಿಪರೀತ ಕೋಪ ಬರುತ್ತದೆ.

ಹಿಂದೂಪುರದ ನಮ್ಮ ಬೀದಿಯ ಭಜನೆ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಅರಿಷಡ್ವರ್ಗಗಳ ಮೇಲೆ ಪ್ರವಚನ ಮಾಡುತ್ತ ಬಂದವನು ನಾನು. ಲೋಭಕ್ಕೆ ಒಂದು ಶನಿವಾರ, ಮೋಹಕ್ಕೆ ಒಂದು ಶನಿವಾರ ಸಾಕಾಗುತ್ತದೆ. ಕ್ರೋಧಕ್ಕೆ ಮಾತ್ರ ಒಂದು ತಿಂಗಳು ಬೇಕು. (ಅನುಭವವಿದ್ದ ವಿಷಯ ಯಾವಾಗಲೂ ಬೆಳೆಯುತ್ತದೆಂದು ನನ್ನ ಧರ್ಮಪತ್ನಿ ಶಿವಲಕ್ಷ್ಮಮ್ಮನ ಅಭಿಪ್ರಾಯ. ಆಕೆಯ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.) ವಾರದ ಉಳಿದ ದಿನಗಳಲ್ಲಿ ನಾನು ಹುಣಿಸೆಹಣ್ಣಿನ ಮಂಡಿ ಆಂಜನಪ್ಪ. ಭಗವಂತನು ನನಗೆ ಕರುಣಿಸಿದ ಈ ಎರಡು ಕಸುಬುಗಳನ್ನು ಒಂದುಗೂಡಿಸಿ ನಾನೊಂದು ದೃಷ್ಟಾಂತವನ್ನು ಕಟ್ಟಿದ್ದೆ. ಸುತ್ತಮುತ್ತ ಲೇಪಾಕ್ಷಿಯವರೆಗೂ ಅದು ಪ್ರಸಿದ್ಧ.

“ಭಕ್ತರೇ! ಮನಸ್ಸೆಂಬುದು ತಾಮ್ರದ ಚೊಂಬು. ಸಂಸಾರದ ಗಾಳಿ ತಾಗಿ ಅದು ಕಿಲುಬು ಹಿಡಿಯುತ್ತದೆ. ಭಕ್ತಿಯೆಂಬ ಹುಣಿಸೆಹಣ್ಣು ಹಾಕಿ ಉಜ್ಜಿರಿ. ಫಳಫಳನೆ ಹೊಳೆಯುತ್ತದೆ! ಅಷ್ಟೇ! ಮುಗಿಯಿತು!”

ಈ ಘಟ್ಟದಲ್ಲಿ ಮುಂದಿನ ಸಾಲಿನ ಹೆಂಗಸರು ಇನ್ನೂ ಏನೋ ಬಾಕಿಯಿದೆಯೆಂಬಂತೆ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಅದನ್ನು ನಾನು ಭಾವಪರವಶತೆಯೆಂದೇ ನಂಬಿದ್ದೆ.

ಇಂಥ ನನ್ನ ಮನೆಗೆ ಎರಡು ಸಾವಿರದ ಆರನೆಯ ಇಸವಿಯ ದೀಪಾವಳಿಗೆ ಹೊಸ ಅಳಿಯ ಬಂದ. ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ತೆಲುಗು ಮೇಷ್ಟರು, ಹೆಸರು ರವಿತೇಜ. ಜೊತೆಯಲ್ಲಿ ನನ್ನ ಮಗಳು ಹರಿತಾ, ಆತನ ತಾಯಿ ಮುತ್ಯಾಲಮ್ಮನವರು. ನಮ್ಮ ಸೀಮೆಯಲ್ಲಿ ಮೊದಲ ಹಬ್ಬಕ್ಕೆ ಬಂದ ಅಳಿಯ ಎಣ್ಣೆನೀರು ಹಾಕಿಸಿಕೊಂಡು, ಹೊಸ ಪಂಚೆ ಉಟ್ಟು, ಮಂಚದ ಮೇಲೆ ಮುಖ ಊದಿಸಿಕೊಂಡು ಕೂರುವ ಪದ್ಧತಿಯುಂಟು. ತೆಲುಗಿನಲ್ಲಿ ಇದಕ್ಕೆ ‘ಅಲಕ’ ಎನ್ನುತ್ತಾರೆ. ಕೇಳಿದ್ದನ್ನು ಮಾವ ಕೊಡುವವರೆಗೂ ಆತ ಇಳಿಯಬಾರದು, ಉಣ್ಣಬಾರದು. ಆತ ಉಣ್ಣದೆ ಮನೆಯಲ್ಲಿ ಯಾರೂ ಉಣ್ಣಬಾರದು. ಈ ಪದ್ಧತಿಯನ್ನು ಕಂಡುಹಿಡಿದವನಿಗೆ ಹೆಣ್ಣುಮಕ್ಕಳಿರಲಿಲ್ಲವೆಂಬುದು ಖಚಿತ.

“ಕೇಳಪ್ಪ,” ಎಂದೆ, ಎದೆ ಗಟ್ಟಿಮಾಡಿಕೊಂಡು. ಬೇರೆಯವರ ಅಳಿಯಂದಿರು ಮೋಟಾರ್ ಸೈಕಲ್ ಕೇಳುತ್ತಾರೆ. ನನ್ನ ಅಳಿಯನೂ ಮೋಟಾರ್ ಸೈಕಲ್ಲನ್ನೇ ಕೇಳಿದ. ಆದರೆ ಅದು ಟೀವಿಯೊಳಗೆ ಓಡುವ ಮೋಟಾರ್ ಸೈಕಲ್!

“ಹರಿತಾ ಹೇಳಿದ್ಲು ಮಾವಾ. ಅಟ್ಟದ ಮ್ಯಾಲೆ ಹಳೇ ಟೀವಿ ಗೇಮು ಐತಂತೆ. ಬೈಕ್ ರೇಸ್ ಕ್ಯಾಸೆಟ್ಟೂ ಐತಂತೆ. ಸಣ್ಣೋನಿದ್ದಾಗ ಮಂದಿ ಆಡೋದ್ ನೋಡಿದ್ದೇ ಆಯ್ತು, ನಂಗೆ ಯಾರೂ ಕೊಡ್ಲೇ ಇಲ್ಲ. ಅದನ್ನ ನೀವೇ ರಿಪೇರಿ ಮಾಡಿ ಆಡೋ ಹಂಗೆ ಮಾಡ್ಕೊಡಿ. ಅಂಗಡಿಗೆ ಕೊಡಂಗಿಲ್ಲ.”

ಮಕ್ಕಳಿಗೆ ವ್ಯಾಕರಣ ಹೇಳಿಕೊಡುವ ಗಂಡಸು! ಮೀಸೆಯಿರುವ ಗಂಡಸು! ಆ ಪೆಟ್ಟಿಗೆಯ ಮೇಲೆ ನನಗೆ ಹಳೆಯ ದ್ವೇಷವಿತ್ತು. ಹರಿತಾಳ ಹತ್ತನೇ ತರಗತಿಯ ಪರೀಕ್ಷೆಯ ಕಾಲದಲ್ಲಿ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಗಡೀಪಾರು ಮಾಡಿದವನೇ ನಾನು.

“ಶ್ರೀರಾಮಾ!” ಎಂದೆ. ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ಎದುರುಮನೆಯವರು ಬಾಗಿಲಿಗೆ ಬಂದರು.

“ದೇವ್ರ ಹೆಸ್ರನ್ನ ಬೈಗುಳದ್ ತರ ಕೂಗ್ಬ್ಯಾಡಿ,” ಎಂದಳು ಶಿವಲಕ್ಷ್ಮಮ್ಮ ಕಜ್ಜಾಯದ ಬಾಣಲೆಯ ಮುಂದಿನಿಂದ. “ಹೊಸದ್ ಕೇಳಿಲ್ವಲ್ಲ, ಪುಣ್ಯಾತ್ಮ. ಹಳೇದನ್ನ ಎಸೀಬ್ಯಾಡಿ, ಉದ್ಧಾರ ಮಾಡಿ ಅಂತ ಮೈಕ್‌ನಾಗೆ ಒದ್ರೋರು ಯಾರು?”

ಮುತ್ಯಾಲಮ್ಮನವರು ಸೆರಗಿನಲ್ಲಿ ನಗೆಯನ್ನು ಒತ್ತಿ ಹಿಡಿದು, “ಬೀಗ್ರ ಕೈಲಿ ಆಯ್ತದಾ ವದಿನಾ? ಪಾಪ, ಮಾತಾಡೋರು ಅವ್ರು,” ಎಂದರು ನನ್ನ ಹೆಂಡತಿಗೆ. (ತೆಲುಗಿನಲ್ಲಿ ‘ವದಿನ’ ಎಂದರೆ ಅತ್ತಿಗೆ.)

ಮಾತಾಡುವವರು! ನನ್ನ ನೆತ್ತಿಗೆ ಏರಿದ್ದು ಕ್ರೋಧವಲ್ಲ, ಸಾತ್ವಿಕ ಆವೇಶ. ಆ ಆವೇಶದಲ್ಲಿ ನೆಲಕ್ಕೆ ಕಾಲಪ್ಪಳಿಸಿ ಪ್ರತಿಜ್ಞೆ ಮಾಡಿದೆ: “ಸಂಜೆ ದೀಪ ಹಚ್ಚುವುದರೊಳಗೆ ಈ ಕೈಯಿಂದಲೇ ಆ ಪೆಟ್ಟಿಗೆಯ ಜೀರ್ಣೋದ್ಧಾರ ಮಾಡುತ್ತೇನೆ. ನನ್ನ ಕೆಲಸ ಕೆಟ್ಟದ್ದೇ ಆದರೆ, ಮಂಚದ ಮೇಲೆ ಯಾರು ಕೂತು ಏನು ಕೇಳಿದರೂ ಕೊಡುತ್ತೇನೆ. ಇದು ಆಂಜನಪ್ಪನ ವಾಕ್ಯ!”

“ಯಾರು ಕೂತ್ರೂನಾ?” ಎಂದು ಬೀಗಿತ್ತಿ ಕೇಳಿದರು.

“ಯಾರು ಕೂತರೂ!” ಎಂದೆ. ಪ್ರವಚನಕಾರನಿಗೆ ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೆಂಬುದೊಂದು ತಿಳಿದಿದ್ದರೆ ಅವನು ಪ್ರವಚನಕಾರನೇ ಆಗುತ್ತಿರಲಿಲ್ಲ.

ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಅದರೊಳಗಿನಿಂದ ಒಂದು ಜಿರಳೆ ಸಂಸಾರ ಸಮೇತ ಇಳಿಯಿತು. ಟೀವಿಗೆ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ ಒತ್ತಿದರೆ ಪರದೆಯ ಮೇಲೆ ಬೂದುಗುಂಬಳಕಾಯಿಯ ಬಣ್ಣ ಬಿಟ್ಟು ಬೇರೇನಿಲ್ಲ. ಕೂಡಲೇ ಶುರುವಾಯಿತು ಊದಾಟ. ಹರಿತಾ ಕ್ಯಾಸೆಟ್ಟಿನ ಬಾಯಿಗೆ ಬಾಯಿಟ್ಟು ‘ಉಫ್’ ಎಂದಳು. ಮಂಚದ ಮೇಲಿನಿಂದಲೇ ಕೈಚಾಚಿ ಅಳಿಯ ‘ಉಫ್’ ಎಂದ. ಮುತ್ಯಾಲಮ್ಮನವರು ಒಲೆಗೆ ಊದಿದ ಅನುಭವವನ್ನೆಲ್ಲ ಬಳಸಿ ಊದಿದರು.

“ಎಂಜಲು!” ಎಂದು ಕೂಗಿದೆ. “ಹಬ್ಬದ ದಿನ ಎಲ್ಲರ ಎಂಜಲನ್ನೂ ಒಂದೇ ತೂತಿಗೆ ತುಂಬಿಸುತ್ತೀರಲ್ಲ! ಇದೇನು ಯಂತ್ರವೋ, ಓಲಗವೋ?”

ಹರಿತಾ ನನ್ನ ಕೈಯಿಂದ ಸ್ಕ್ರೂಡ್ರೈವರನ್ನು ಉಪಾಯವಾಗಿ ಬಿಡಿಸಿಕೊಂಡು (ಅದನ್ನು ನಾನು ಪೆಟ್ಟಿಗೆಯ ಕಡೆಗೆ ಹಿಡಿದಿರಲಿಲ್ಲ) ಆಡುವ ಹಿಡಿಕೆಯನ್ನು ಬಿಚ್ಚಿದಳು. ಪ್ರತಿಯೊಂದು ಗುಂಡಿಯ ಕೆಳಗೂ ಒಂದು ರಬ್ಬರಿನ ಬಟ್ಟಲು, ಅದರ ತಳದಲ್ಲಿ ಒಂದು ಕರಿಮಚ್ಚೆ. ಆ ಮಚ್ಚೆ ಕೆಳಗಿನ ಗೆರೆಗಳನ್ನು ಮುಟ್ಟಿದರೆ ಮಾತ್ರ ಗುಂಡಿ ಕೆಲಸ ಮಾಡುತ್ತದಂತೆ. ಒಂದು ಗುಂಡಿಯ ಮಚ್ಚೆ ಸವೆದು ಬಿಳಿಚಿಕೊಂಡಿತ್ತು.

“ಅಪ್ಪಾ, ನಿನ್ ಮಂಡಿ ಕ್ಯಾಲ್ಕುಲೇಟರ್‌ನಾಗೂ ಇಂಥವೇ ಇರ್ತವೆ. ಭಾಗಾಕಾರದ್ದು ಕಿತ್ಕೊಂತೀನಿ. ನೀನ್ ಯಾವತ್ತಾನ ಭಾಗ ಮಾಡಿದ್ದುಂಟಾ?”

“ಕಳೆಯೋದೂ ತಗಾ ಕಣಮ್ಮ,” ಎಂದು ಒಳಗಿನಿಂದ ದನಿ ಬಂತು. “ನಿಮ್ಮಪ್ಪ ಆಡೋ ಮಾತ್ನಾಗೆ ಒಂದಾನ ಕಳ್ದಿದ್ ನಾ ಕಾಣೆ.”

ಹಂಚಿ ತಿನ್ನಬೇಕೆಂದು ಊರಿಗೆಲ್ಲ ಬೋಧಿಸಿದವನ ಭಾಗಾಕಾರವನ್ನು ಅವನ ಕಣ್ಣೆದುರಿಗೇ ಕತ್ತರಿಯಿಂದ ಕತ್ತರಿಸಿ ಅಂಟಿಸಿದರು. ನಾನು ಶಾಂತನಾಗಿದ್ದೆ. ಕೈಯಲ್ಲಿದ್ದ ಎಲೆಅಡಿಕೆ ತಟ್ಟೆ ತಾನಾಗಿ ಗೋಡೆಯವರೆಗೆ ಹೋಯಿತು.

ಗುಂಡಿ ಸರಿಯಾದರೂ ಪರದೆಯ ಮೇಲೆ ಕುಂಬಳಕಾಯಿ ಬದಲಾಗಲಿಲ್ಲ. ದೊಡ್ಡ ಪೆಟ್ಟಿಗೆಯನ್ನೇ ಬಿಚ್ಚಿದೆ. ಕ್ಯಾಸೆಟ್ ಕೂರುವ ಗೂಡಿನೊಳಗೆ ಎರಡು ಸಾಲು ಸಣ್ಣ ನಾಲಿಗೆಗಳು. ಸವೆದು ಸಡಿಲಗೊಂಡಿದ್ದ ಅವನ್ನು ಗುಂಡುಪಿನ್ನಿನಿಂದ ಒಂದೊಂದಾಗಿ ಎಬ್ಬಿಸಿದೆ. ಆಗ ಕಂಡೆ: ಅವು ತಾಮ್ರ! ಆ ತಾಮ್ರದ ಮೇಲೆ ಕಿಲುಬು!

ನನ್ನ ಮೈ ಜುಮ್ಮೆಂದಿತು. ವರ್ಷಾನುವರ್ಷ ನಾನು ಹೇಳುತ್ತ ಬಂದ ದೃಷ್ಟಾಂತವೇ ಸಾಕ್ಷಾತ್ತಾಗಿ ನನ್ನ ಅಂಗೈಯಲ್ಲಿ ಕುಳಿತಿತ್ತು. ಪೆಟ್ಟಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂಗಿಯ ಜೇಬಿನಲ್ಲಿ ಮಂಡಿಯ ಮಾದರಿ ಹಣ್ಣು ಸದಾ ಇರುತ್ತದೆ. ಅದನ್ನು ನೆನೆಸಿ, ಹಿಂಡಿ, ರಾಮನಾಮ ಹೇಳುತ್ತ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಾಲಿಗೆ ನಾಲಿಗೆಯನ್ನೂ ತಿಕ್ಕಿದೆ. ಆ ನಾಲಿಗೆಗಳಿಗೆ ತಾಗುವ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನೂ ಬಿಡಲಿಲ್ಲ. ಆಹಾ, ಹೊಳಪೇ! ಶಲ್ಯದ ತುದಿಯಿಂದ ಒರೆಸಿ, ಪೆಟ್ಟಿಗೆಯನ್ನು ಮುಚ್ಚಿ, ಸ್ಕ್ರೂ ಬಿಗಿದು ಒಳಗೆ ತಂದೆ.

“ಅದೇನ್ ಮಾಡಿದ್ರಿ ಬಾಗ್ಲಾಕ್ಕೊಂಡು?” ಎಂದು ಹೆಂಡತಿ ಕೇಳಿದಳು.

“ಸಾಧನೆ,” ಎಂದೆ.

ದೇವರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಟೀವಿಯಲ್ಲಿ ಕೆಂಪು ಮೋಟಾರ್ ಸೈಕಲ್ ಗುಡುಗುಟ್ಟಿತು. ಅಳಿಯ ಮಂಚದಿಂದ ಹಾರಿ, “ಮಾವಾ, ನೀವು ದೇವ್ರು ಕಣ್ರೀ!” ಎಂದು ಹಿಡಿಕೆಯನ್ನು ಕಿತ್ತುಕೊಂಡ. ಭಾಗಾಕಾರ ಒತ್ತಿದರೆ ಬಂಡಿ ಹಾರುತ್ತಿತ್ತು. ಮನೆಮಂದಿಯೆಲ್ಲ ಉಂಡರು. ನಾನೊಬ್ಬ ಉಣ್ಣಲಿಲ್ಲ, ವಿಜಯೋಪನ್ಯಾಸ ಇನ್ನೂ ಮುಗಿದಿರಲಿಲ್ಲ.

ಮುತ್ಯಾಲಮ್ಮನವರೇ ಸೋತು, “ಕಾರ್ತೀಕದ ಕಡೇ ಸ್ವಾಮಾರ ನಮ್ಮನೇಲೇ ನಿಮ್ ಪ್ರವಚನ ಇಟ್ಕಂತೀನಿ ಬೀಗ್ರೇ. ಓಣಿನೋರ್ನೆಲ್ಲ ಕರೀತೀನಿ, ಬನ್ನಿ,” ಎಂದರು.

“ಬರುತ್ತೇನೆ. ಈ ಪೆಟ್ಟಿಗೆಯನ್ನೂ ಆ ದಿನವೇ, ನಾನೇ, ಸಾಕ್ಷಿಯಾಗಿ ತರುತ್ತೇನೆ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು,” ಎಂದೆ. ಅಳಿಯನ ಮುಖ ಸಣ್ಣದಾಯಿತು. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಬಿಗಿದು, ಮೇಲೆ ಕೆಂಪು ವಸ್ತ್ರ ಸುತ್ತಿ, ದೇವರ ಮನೆಯಲ್ಲಿ ಇಟ್ಟೆ.

ಕಾರ್ತೀಕದ ಕೊನೆಯ ಸೋಮವಾರ ನಾನೂ ಶಿವಲಕ್ಷ್ಮಮ್ಮನೂ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರುವವರೆಗೂ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಅದನ್ನು ಮೇಲಿನ ಕಂಬಿಗೆ ಇಡಿ ಎಂದ ಕಂಡಕ್ಟರಿಗೆ ಸಹನೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ಅವನು ನಮ್ಮನ್ನು ಒಂದು ಸ್ಟಾಪು ಮುಂದೆ ಇಳಿಸಿದ.

ಬೀಗರ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಎಲ್ಲೆಡೆಯಂತೆ ಹೆಂಗಸರು. ಪಕ್ಕದಲ್ಲಿ ಟೀವಿ, ಅದರ ಮುಂದೆ ಹಿಡಿಕೆ ಹಿಡಿದು ಸಣ್ಣ ಹುಡುಗನಂತೆ ಚಕ್ಕಂಬಕ್ಕಳ ಹಾಕಿ ಕುಳಿತ ನನ್ನ ಅಳಿಯ. ವಿಷಯ: ಕ್ರೋಧ. ನಾನು ಅಂದಿನಷ್ಟು ಚೆನ್ನಾಗಿ ಹಿಂದೆಂದೂ ಮಾತಾಡಿರಲಿಲ್ಲ. ಮನಸ್ಸೆಂಬ ಚೊಂಬು ಬಂತು, ಕಿಲುಬು ಬಂತು, ಹುಣಿಸೆಹಣ್ಣು ಬಂತು.

“ನಂಬಿಕೆ ಬಾರದೆ ಭಕ್ತರೇ? ಇಗೋ, ಪ್ರತ್ಯಕ್ಷ ಪ್ರಮಾಣ! ಈ ಕೈಯಿಂದ, ಬರಿಯ ಹುಣಿಸೆಹಣ್ಣಿನಿಂದ ಸತ್ತ ಯಂತ್ರಕ್ಕೆ ಜೀವ ಕೊಟ್ಟಿದ್ದೇನೆ. ನೋಡಿರಿ!”

ವಸ್ತ್ರ, ಕವರು ಬಿಚ್ಚಿ, ಟೀವಿಗೆ ಜೋಡಿಸಿ ಒತ್ತಿದೆ. ಕುಂಬಳಕಾಯಿ.

ಮತ್ತೆ ಒತ್ತಿದೆ. ಕುಂಬಳಕಾಯಿ. ಪೆಟ್ಟಿಗೆಯ ತಲೆಗೆ ತಟ್ಟಿದೆ, ಗುದ್ದಿದೆ, ಕ್ರೋಧದ ದುಷ್ಪರಿಣಾಮಗಳನ್ನು ಕುರಿತು ಆಗತಾನೇ ಹೇಳಿ ಮುಗಿಸಿದ ಬಾಯಿಯಿಂದ “ಶ್ರೀರಾಮಾ! ಶ್ರೀರಾಮಾ! ನಿನ್ನ ವಂಶ ಹಾಳಾಗ!” ಎಂದೆ. (ಕೊನೆಯ ಮಾತು ಪೆಟ್ಟಿಗೆಗೆ, ರಾಮನಿಗಲ್ಲ.) ಅಳಿಯ ಖಾಲಿ ಪರದೆಯನ್ನೇ ನೋಡುತ್ತಿದ್ದ. ಹರಿತಾ ಬಂದು ಕ್ಯಾಸೆಟ್ಟನ್ನು ಎಳೆದಳು. ಅದರ ಹಲ್ಲುಗಳ ಮೇಲೆ ಕೆರೆಯ ಪಾಚಿಯಂಥ ಹಸಿರು. ಗೂಡಿನೊಳಗೆ ಇಣುಕಿದಳು. ಅಲ್ಲಿ ಮುಂಗಾರಿನ ಹೊಲ.

ಮುತ್ಯಾಲಮ್ಮನವರು ಮೆಲ್ಲಗೆ ಕೇಳಿದರು: “ಬೀಗ್ರೇ, ಹುಣಸೇಹಣ್ಣಾಕಿ ಉಜ್ಜಿದ್ ಮ್ಯಾಲೆ ತೊಳುದ್ರಾ?”

“ತೊಳೆದೆನಲ್ಲ, ಹುಣಿಸೆಹಣ್ಣಿನಿಂದ!”

“ಅದಲ್ಲ. ಹುಣಸೇ ಹುಳೀನ ನೀರಾಕಿ ತೊಳುದ್ರಾ? ಒಣಬಟ್ಟೇಲಿ ಒರುಸಿ, ಬಿಸ್ಲಿಗಿಟ್ರಾ?”

“ಅದನ್ನು... ತೊಳೆಯಬೇಕೇ?”

ಮೊದಲು ನಕ್ಕವರು ಯಾರೆಂದು ನನಗೆ ತಿಳಿಯದು. ಆಮೇಲೆ ನಗದೆ ಉಳಿದವರು ಯಾರೂ ಇರಲಿಲ್ಲ. “ಅಯ್ಯಯ್ಯೋ, ಹುಳಿ ತೊಳೀದೆ ಬಿಟ್ರೆ ಬೆಳಿಗ್ಗೆಗೇ ಕರ್ರಗಾಯ್ತದಲ್ಲ ಸ್ವಾಮೀ!” ಎಂದು ಒಬ್ಬಾಕೆ, “ಇವ್ರ್ ಮನೇಲಿ ದೀಪದ್ ಕಂಬ ಯಾರ್ ಬೆಳಗ್ತಾರಮ್ಮಾ?” ಎಂದು ಇನ್ನೊಬ್ಬಾಕೆ. ಎಲ್ಲರ ಕಣ್ಣೂ ಶಿವಲಕ್ಷ್ಮಮ್ಮನ ಕಡೆಗೆ ತಿರುಗಿದವು.

ಅವಳು ನಗುತ್ತಿರಲಿಲ್ಲ. ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗೋಡೆಯ ಪಕ್ಕದಲ್ಲಿದ್ದ ಬೀಗರ ಮಂಚದ ಮೇಲೆ ಕುಳಿತು, ಕಾಲು ಮಡಚಿ, ಗಲ್ಲಕ್ಕೆ ಕೈಕೊಟ್ಟು, ಮುಖವನ್ನು ಆ ಕಡೆಗೆ ತಿರುಗಿಸಿದಳು.

“ಏನೇ ಇದು?”

“ಅಲಕ,” ಎಂದಳು.

“ಯಾರು ಕೂತ್ರೂ ಅಂದಿದ್ರು ಬೀಗ್ರು! ಏನು ಕೇಳಿದ್ರೂ ಅಂದಿದ್ರು! ನಾನ್ ಕೇಳ್ಸ್ಕಂಡಿದೀನಿ!” ಎಂದು ಮುತ್ಯಾಲಮ್ಮನವರು ಓಣಿಗೆಲ್ಲ ಸಾರಿದರು. “ಕೇಳ್ ವದಿನಾ, ಭಯಪಡ್ಬ್ಯಾಡ. ಬಂಗಾರ ಕೇಳು!”

“ನಂಗ್ಯಾಕಮ್ಮ ಬಂಗಾರ? ಮದ್ವೆ ಆಗಿ ಬಂದಾಗಿಂದ ಇವ್ರ ಹುಣಸೇಹಣ್ಣಾಗೆ ಇವ್ರ ದೇವ್ರ ಸಾಮಾನು ಉಜ್ಜಿ ಉಜ್ಜಿ ನನ್ ಉಗುರು ಕರ್ರಗಾಗವೆ. ಇವ್ರು ಮೈಕ್‌ನಾಗೆ ಉಜ್ಜಿರಿ ಉಜ್ಜಿರಿ ಅಂತಾರೆ. ಇನ್ಮ್ಯಾಲೆ ಸುಕ್ರವಾರ ಸುಕ್ರವಾರ ಇವ್ರೇ ಉಜ್ಜಲಿ. ಅಷ್ಟೇ! ಮುಗೀತು!”

ನನ್ನ ಮಾತಿನ ಮುಕ್ತಾಯವನ್ನೂ ಕದ್ದಿದ್ದಳು! ಅಳಿಯನ ಮುಖವನ್ನು ನೋಡಿದೆ. ಅವನು ಭಕ್ತಿಯಿಂದ ಅತ್ತೆಯನ್ನೇ ನೋಡುತ್ತಿದ್ದ, ತನಗಿಂತ ದೊಡ್ಡ ಆಟಗಾರ್ತಿಯನ್ನು ಕಂಡವನಂತೆ. ಒಳಗೆ ಅಡುಗೆ ಆರುತ್ತಿತ್ತು. ಅಲಕದವರು ಉಣ್ಣದೆ ಯಾರೂ ಉಣ್ಣುವಂತಿಲ್ಲ. ಓಣಿಯವರೆಲ್ಲ ಊಟಕ್ಕೇ ಬಂದವರು. ಹಸಿದ ಭಕ್ತರ ಮುಂದೆ ಧರ್ಮಸೂಕ್ಷ್ಮಗಳನ್ನು ಎತ್ತಬಾರದು. ಒಪ್ಪಿದೆ.

ಟೀವಿ ಗೇಮನ್ನು ಹರಿತಾ ಕಲ್ಯಾಣದುರ್ಗದಲ್ಲೇ ಬಿಚ್ಚಿ, ಸಾರಾಯಿಯಂಥ ವಾಸನೆಯ ಏನೋ ಔಷಧಿಯಿಂದ ಒರೆಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ತಿಕ್ಕಿ ಬದುಕಿಸಿದಳಂತೆ. ಈಗ ಅಳಿಯ, ಬೀಗಿತ್ತಿ ಇಬ್ಬರೂ ಪಂದ್ಯ ಕಟ್ಟಿ ಓಡಿಸುತ್ತಾರಂತೆ. ನನ್ನ ಕ್ಯಾಲ್ಕುಲೇಟರಿಗೆ ಭಾಗಾಕಾರ ಮಾತ್ರ ಮರಳಿ ಬರಲಿಲ್ಲ.

ನಾನೋ, ಶುಕ್ರವಾರ ಬೆಳಿಗ್ಗೆ ಹಿತ್ತಲ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿರುತ್ತೇನೆ. ಹುಣಿಸೆಹಣ್ಣು ಗೀರುಗಾಯಕ್ಕೆ ತಗುಲಿದರೆ ಎಷ್ಟು ಉರಿಯುತ್ತದೆಂಬುದು ಇಷ್ಟು ಕಾಲ ಅದನ್ನು ಮೂಟೆಗಟ್ಟಲೆ ಮಾರಿದ ನನಗೆ ಗೊತ್ತೇ ಇರಲಿಲ್ಲ.

ಕಳೆದ ಶನಿವಾರ ಭಜನೆ ಮಂದಿರದಲ್ಲಿ ದೃಷ್ಟಾಂತವನ್ನು ತಿದ್ದಿ ಹೇಳಿದೆ: “ಭಕ್ತಿಯೆಂಬ ಹುಣಿಸೆಹಣ್ಣಿನಿಂದ ಉಜ್ಜಿರಿ. ಆಮೇಲೆ ಒಳ್ಳೆಯ ನೀರಿನಿಂದ ತೊಳೆಯಿರಿ. ಒಣಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ.” ಮುಂದಿನ ಸಾಲಿನ ಹೆಂಗಸರೆಲ್ಲ ಒಮ್ಮೆಲೇ ಕೈಯೆತ್ತಿ, ಸೂರು ಹಾರುವಂತೆ “ಗೋವಿಂದಾ!” ಎಂದರು. ಅಂಥ ಗೋವಿಂದ ನನ್ನ ಜೀವಮಾನದಲ್ಲೇ ಬಿದ್ದಿರಲಿಲ್ಲ.

ಮನೆಗೆ ಬರುವವರೆಗೆ ತಡೆದುಕೊಂಡೆ. ಬಂದವನೇ ಸ್ಫೋಟಿಸಿದೆ: “ಅಂದರೆ ಅವರಿಗೆಲ್ಲ ಮೊದಲಿನಿಂದಲೂ ಗೊತ್ತಿತ್ತು! ನಿನಗೂ ಗೊತ್ತಿತ್ತು! ಇಷ್ಟು ವರ್ಷ ಒಬ್ಬಳಾದರೂ ಎದ್ದು ಹೇಳಬಾರದಿತ್ತೇ?”

“ಹೇಳ್ತಿದ್ವಿ,” ಎಂದಳು ಶಿವಲಕ್ಷ್ಮಮ್ಮ. “ನೀವು ಉಸ್ರು ತಗಳ್ಳೋದ್ನೇ ಕಾಯ್ತಿದ್ವಿ.” ಎಂದವಳು ದೇವರ ಮನೆಯಿಂದ ನಿನ್ನೆ ನಾನು ಉಜ್ಜಿಟ್ಟಿದ್ದ ಆರತಿ ತಟ್ಟೆಯನ್ನು ತಂದು ಮೂಗಿನ ಮುಂದೆ ಹಿಡಿದಳು. “ಹಿಂದ್ಗಡೆ ನೋಡಿ. ಕರ್ರಗೈತೆ.”